ಹೋಗಿ ಬರುವಷ್ಟು ದೂರ

ನಮ್ಮೂರು ಸುಬ್ರಹ್ಮಣ್ಯದ ಹತ್ತಿರ. ಮಳೆಗಾಲ ಬಿಟ್ಟರೆ ಉಳಿದ ದಿನಗಳಲ್ಲಿ ಕುಮಾರ ಪರ್ವತ ನಮ್ಮ ಅಂಗಳದಿಂದಲೇ ಕಾಣುತ್ತಿತ್ತು. ಅಪ್ಪ ಆ ಬೆಟ್ಟಕ್ಕೆ ಎಷ್ಟು ಸಲ ಹೋಗಿದ್ದಾರೋ ಲೆಕ್ಕ ಇಟ್ಟವರಿಲ್ಲ. ಆದರೆ ತುದಿ ಮುಟ್ಟಿದ್ದು ಒಂದು ಸಲವೂ ಇಲ್ಲ. ಬೆಳಿಗ್ಗೆ ತಿಂಡಿ ತಿಂದು ಹೊರಡೋದು, ಅರ್ಧ ದಾರಿಯಲ್ಲಿರುವ ಗಿರಿಗದ್ದೆಯ ಭಟ್ಟರ ಮನೆಯವರೆಗೆ ಹತ್ತೋದು, ಅಲ್ಲಿ ಊಟ ಮಾಡಿ ಸ್ವಲ್ಪ ಹೊತ್ತು ಕೂತು, ದನಗಳು ಕೊಟ್ಟಿಗೆಗೆ ಬರುವಷ್ಟರಲ್ಲಿ ಮನೆಗೆ ಇಳಿದು ಬರೋದು. "ಎಲ್ಲಿಗೆ ಹೋಗಿದ್ರಿ?" ಅಂತ ಯಾರಾದರೂ ಕೇಳಿದರೆ "ಗಿರಿಗದ್ದೆಗೆ ಹೋಗಿ ಬಂದೆ" ಅನ್ನುತ್ತಿದ್ದರು. ಆ ಮಾತಿನಲ್ಲಿ ಏನೋ ಅರ್ಧಕ್ಕೆ ಬಿಟ್ಟು ಬಂದೆ ಅನ್ನುವ ಧ್ವನಿ ಇರಲಿಲ್ಲ.

ಹತ್ತೊಂಬತ್ತರ ವಯಸ್ಸಲ್ಲಿ ನನಗೆ ಅದು ಸೋಮಾರಿತನ ಅನ್ನಿಸಿತ್ತು. ಬೆಟ್ಟ ಅಂದರೆ ತುದಿ, ತುದಿ ಮುಟ್ಟದೆ ಬಂದವನು ಹೋದ ಹಾಗೇ ಅಲ್ಲ ಅಂತ ನಂಬಿದ್ದೆ. ಈ ನಂಬಿಕೆಯನ್ನು ಪೆಟ್ಟಿಗೆಯಲ್ಲಿಟ್ಟುಕೊಂಡೇ ನಾನು ಒಂಬತ್ತು ವರ್ಷದ ಹಿಂದೆ ನೈರೋಬಿಗೆ ಬಂದಿಳಿದೆ. ಅದನ್ನು ಕೆಳಗಿಡೋಕೆ ಎಷ್ಟು ಕಾಲ ಬೇಕಾಯಿತು, ಅದಕ್ಕೆ ನನ್ನ ಮಗಳು ಏನು ಬೆಲೆ ತೆತ್ತಳು ಅನ್ನೋದೇ ಇವತ್ತಿನ ವಿಷಯ. ಜೊತೆಗೆ, ದೊಡ್ಡ ಬೆಟ್ಟದ ಉದ್ದ ದಾರಿಯಲ್ಲಿ ಒಂದೇ ದಿನದಲ್ಲಿ ಹೋಗಿ ಬರುವಂಥ ತುಂಡನ್ನು ಹೇಗೆ ಆರಿಸಿಕೊಳ್ಳೋದು ಅಂತ ನಾನು ಕಲಿತದ್ದನ್ನೂ ಹೇಳುತ್ತೇನೆ.

ಮೊದಲು ಒಂದು ಲೆಕ್ಕ. ಕುಮಾರ ಪರ್ವತದ ಎತ್ತರ 1,712 ಮೀಟರ್. ನೈರೋಬಿ ಊರೇ ಸುಮಾರು 1,800 ಮೀಟರ್ ಎತ್ತರದಲ್ಲಿದೆ. ಅಂದರೆ ಅಪ್ಪ ಮುಟ್ಟದ ಆ ತುದಿಗಿಂತ ಎತ್ತರದಲ್ಲಿ ನಾನು ದಿನಾ ಬೆಳಿಗ್ಗೆ ಹಲ್ಲುಜ್ಜುತ್ತೇನೆ. ಊರಿಂದ ಅರ್ಧ ಮುಕ್ಕಾಲು ಗಂಟೆ ದೂರದ ಎಂಗೋಂಗ್ ಪಟ್ಟಣಕ್ಕೆ ಹೋದರೆ ಅಲ್ಲಿನ ಸಂತೆಬೀದಿಯೇ ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯ ತುದಿಗೆ ಸರಿಸಮ. ಬೆಟ್ಟ ಇನ್ನೂ ಶುರುವಾಗಿರೋದೇ ಇಲ್ಲ! ಇಂಥ ಊರಲ್ಲಿ ಘಟ್ಟದ ಕಡೆಯವನಿಗೆ ಸೊಕ್ಕು ಬರೋದು ಸುಲಭ.

ಇದೆಲ್ಲಕ್ಕೂ ಮೇಲೆ ಮೌಂಟ್ ಕೆನ್ಯಾ ಇದೆ. ಮೋಡವಿಲ್ಲದ ಬೆಳಗಿನಲ್ಲಿ ನೈರೋಬಿಯ ಎತ್ತರದ ಕಟ್ಟಡಗಳಿಂದ ಉತ್ತರಕ್ಕೆ ನೋಡಿದರೆ ಮುರಿದ ಹಲ್ಲಿನ ಹಾಗೆ ಕಾಣುತ್ತದೆ. ಅದರ ಅತಿ ಎತ್ತರದ ಶಿಖರ ಬಾಟಿಯನ್ 5,199 ಮೀಟರ್. ಅದಕ್ಕೆ ಹಗ್ಗ ಕಟ್ಟಿಕೊಂಡು ಬಂಡೆ ಹತ್ತಬೇಕು. ನಡೆದುಕೊಂಡು ಹೋಗುವವರ ಗುರಿ ಲೆನಾನಾ, 4,985 ಮೀಟರ್. ಹೆಚ್ಚು ಜನ ಹೊಗಳುವ ದಾರಿ ಉತ್ತರದ ಸಿರಿಮೋನ್ ಗೇಟಿನಿಂದ ಹತ್ತಿ ಪೂರ್ವದ ಚೊಗೋರಿಯಾ ಕಡೆಗೆ ಇಳಿಯುವಂಥದ್ದು. ಸಾಮಾನ್ಯವಾಗಿ ಅದಕ್ಕೆ ಐದು ದಿನ ಇಟ್ಟುಕೊಳ್ಳುತ್ತಾರೆ.

ಐದು ದಿನ! ಪರದೇಶದಲ್ಲಿರುವವರಿಗೆ ರಜೆಯ ಲೆಕ್ಕ ನಾನು ಹೇಳಬೇಕಾಗಿಲ್ಲ. ವರ್ಷಕ್ಕೆ ಸಿಗುವ ಮೂರು ನಾಲ್ಕು ವಾರವೆಲ್ಲ ಊರಿಗೇ ಮುಡಿಪು. ಮದುವೆ, ಗೃಹಪ್ರವೇಶ, ಅಮ್ಮನ ಕಣ್ಣಿನ ಆಪರೇಷನ್, ಅಪ್ಪನ ಮಂಡಿ. ಅದರಲ್ಲಿ ಐದು ದಿನ ಕತ್ತರಿಸಿ ಬೆಟ್ಟಕ್ಕೆ ಕೊಡೋಕೆ ಮನಸ್ಸಿಗೂ ಬರಲ್ಲ, ಮನೆಯವರಿಗೂ ಹೇಳೋಕಾಗಲ್ಲ. ಉಳಿಯೋದು ಶನಿವಾರ ಮತ್ತು ಭಾನುವಾರ. ಆ ಉದ್ದ ದಾರಿ ಇಡಿಯಾಗಿ ನನಗೆ ದಕ್ಕಲ್ಲ ಅಂತ ಗೊತ್ತಾದಾಗ ನಾನು ಮಾಡಿದ ತಪ್ಪು ಅಂದರೆ, ಒಂದು ದಿನದಲ್ಲಿ ಸಿಗಬಹುದಾದ ಅತಿ ಎತ್ತರದ ತುದಿ ಯಾವುದು ಅಂತ ಹುಡುಕಿದ್ದು.

ಸಿಕ್ಕಿದ್ದು ಅಬರ್ಡೇರ್ ಬೆಟ್ಟಸಾಲಿನ ಎಲಿಫೆಂಟ್ ಹಿಲ್. ಮೂರೂವರೆ ಸಾವಿರ ಮೀಟರಿಗೂ ಮೀರಿದ ಎತ್ತರ. ಕಿನಂಗೋಪ್ ಬಯಲಿನ ಎನ್ಜಾಬಿನಿ ಅನ್ನುವ ಊರಿನಿಂದ ಹತ್ತಬೇಕು. ಮೊದಲು ಕಾಡು, ಆಮೇಲೆ ದಟ್ಟ ಬಿದಿರು, ಬಿದಿರು ಮುಗಿದ ಮೇಲೆ ಕಡಿದಾದ ಬೋಳು ದಿಬ್ಬ. ಬಿದಿರಿನೊಳಗೆ ನೆಲ ಒಣಗೋದೇ ಅಪರೂಪ, ನಮ್ಮ ಗದ್ದೆಯ ಕೆಸರಿನ ಹಾಗೆ ಕಾಲು ಹಿಡಿಯುತ್ತೆ. ಮೇಲೆ ಒಂದು ಕಡೆಗೆ ಚಾರಣಿಗರು 'ಪಾಯಿಂಟ್ ಆಫ್ ಡಿಸ್ಪೇರ್' ಅಂತ ಹೆಸರಿಟ್ಟಿದ್ದಾರೆ. ಹತಾಶೆಯ ಜಾಗ. ಹೆಸರೇ ಎಚ್ಚರಿಕೆ ಕೊಡುತ್ತಿತ್ತು, ನಾನು ಅದನ್ನು ತಮಾಷೆ ಅಂದುಕೊಂಡೆ.

ಮಗಳಿಗೆ ಆಗ ಹನ್ನೊಂದು. ನವೆಂಬರ್ ತಿಂಗಳು. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಇಲ್ಲಿ ಸಣ್ಣ ಮಳೆಗಾಲ, ಮಾರ್ಚಿನಿಂದ ಮೇವರೆಗೆ ದೊಡ್ಡದು. ಅದೂ ಗೊತ್ತಿತ್ತು. ಒಂದು ಗುಂಪಿನ ಜೊತೆ ಹೋಗಿದ್ದೆವು. ಗುಂಪು ಮುಂದೆ ಹೋಯಿತು, ನಾನು ಗುಂಪಿನ ಬಾಲ ಹಿಡಿಯೋಕೆ ಓಡಿದೆ, ಮಗಳು ನನ್ನ ಹಿಂದೆ. ಬಿದಿರು ದಾಟುವಾಗಲೇ ಅವಳ ಮಾತು ನಿಂತಿತ್ತು. ಹತಾಶೆಯ ಜಾಗದಲ್ಲಿ ಕೂತುಬಿಟ್ಟಳು. "ಅಪ್ಪಾ, ಸಾಕು" ಅಂದಳು. ನಾನು "ಇನ್ನು ಸ್ವಲ್ಪ" ಅಂದೆ. ಈ 'ಇನ್ನು ಸ್ವಲ್ಪ' ಅನ್ನುವ ಮಾತನ್ನು ನಾನು ಆ ಮಧ್ಯಾಹ್ನ ಹತ್ತು ಸಲವಾದರೂ ಹೇಳಿರಬೇಕು. ತುದಿ ಮುಟ್ಟಿದೆವು. ಸುತ್ತ ಬಿಳಿ ಮೋಡ. ಕೈ ಚಾಚಿದರೆ ಕೈ ಕಾಣಲ್ಲ ಅನ್ನುವಷ್ಟು. ಒಂದು ಫೋಟೋ ತೆಗೆದೆ. ಆ ಫೋಟೋದಲ್ಲಿ ಅವಳು ನನ್ನ ಕಡೆ ನೋಡುತ್ತಿಲ್ಲ.

ಇಳಿಯುವಾಗ ಮಳೆ. ಅವಳಿಗೆ ತಲೆನೋವು, ಎರಡು ಸಲ ವಾಂತಿ. ಎತ್ತರಕ್ಕೆ ಬೇಗ ಹತ್ತಿದರೆ ಹೀಗಾಗುತ್ತೆ, ಇಳಿದರೆ ಸರಿಹೋಗುತ್ತೆ ಅಂತ ಪುಸ್ತಕದಲ್ಲಿ ಓದಿದ್ದೆ. ಆದರೆ ಬೇಗ ಇಳಿಯೋದು ಹೇಗೆ? ಕೆಸರಲ್ಲಿ ಜಾರುತ್ತಾ, ಅವಳನ್ನು ಹಿಡಿದುಕೊಳ್ಳುತ್ತಾ ಬಿದಿರಿನೊಳಗೆ ಬರುವಾಗ ಕತ್ತಲಾಯಿತು. ಹಿಂದೆ ಉಳಿದ ಇಬ್ಬರು ರೇಂಜರುಗಳು ಟಾರ್ಚ್ ಹಿಡಿದು ನಮ್ಮನ್ನು ಕೆಳಗೆ ಮುಟ್ಟಿಸಿದರು. ಕಾರಿನಲ್ಲಿ ಕಂಬಳಿ ಸುತ್ತಿಕೊಂಡು ಕೂತಿದ್ದ ಅವಳು ತುಂಬ ಹೊತ್ತಾದ ಮೇಲೆ ಒಂದು ಮಾತು ಹೇಳಿದಳು, ಅದೂ ಕನ್ನಡದಲ್ಲಿ: "ನೀನು ನನ್ನ ಜೊತೆ ಬರ್ಲೇ ಇಲ್ಲ."

ಮನೆಯಲ್ಲಿ ಅವಳು ನಮ್ಮ ಜೊತೆ ಹೆಚ್ಚಾಗಿ ಇಂಗ್ಲಿಷ್ ಆಡುತ್ತಾಳೆ. ಕನ್ನಡ ಬರೋದು ಅಜ್ಜನ ಫೋನಿಗೆ, ಇಲ್ಲವೇ ಏನಾದರೂ ನಿಜವಾಗಿ ಹೇಳಬೇಕಾದಾಗ. ಅದಾದ ಮೇಲೆ ಎಂಟು ತಿಂಗಳು ಅವಳು ಬೂಟು ಮುಟ್ಟಲಿಲ್ಲ. ನಾನು ಕರೆದಾಗೆಲ್ಲ "ಹೋಂವರ್ಕ್ ಇದೆ" ಅಂದಳು.

ಮತ್ತೆ ಶುರುವಾಗಿದ್ದು ಎಂಗೋಂಗ್ ಬೆಟ್ಟಗಳಿಂದ, ಅದೂ ಒಂದು ಜೋಕಿನಿಂದ. ಎಂಗೋಂಗ್ ಅಂದರೆ ಒಂದರ ಹಿಂದೆ ಒಂದು ನಿಂತ ದಿಬ್ಬಗಳ ಸಾಲು. ಮುಷ್ಟಿಯ ಗೆಣ್ಣುಗಳ ಹಾಗೆ ಅನ್ನುತ್ತಾರೆ. ಚಾರಣಿಗರ ಲೆಕ್ಕದಲ್ಲಿ ಏಳು ಗುಡ್ಡ. ಒಂದು ಶನಿವಾರ ಬೆಳಿಗ್ಗೆ ಅವಳ ಕೋಣೆಯ ಬಾಗಿಲಲ್ಲಿ ನಿಂತು, "ಏಳು, ಏಳು ಗುಡ್ಡ ಹತ್ತೋಣ" ಅಂದೆ. ಅವಳು ಹೊದಿಕೆಯೊಳಗಿಂದಲೇ "ಏಳಾ, ಹದಿನಾಲ್ಕಾ, ಹತ್ತಾ? ಸರಿಯಾಗಿ ಹೇಳು" ಅಂದಳು. ಕನ್ನಡ ಕಲಿಯುವ ಮಕ್ಕಳಿಗೆ ಇದು ಗೊತ್ತಿರುತ್ತೆ: ಏಳು ಅಂದರೆ ಅಂಕಿಯೂ ಹೌದು, ಹಾಸಿಗೆ ಬಿಡು ಅಂತಲೂ ಹೌದು. ಹತ್ತು ಅಂದರೆ ಅಂಕಿಯೂ ಹೌದು, ಮೇಲೇರು ಅಂತಲೂ ಹೌದು. ನಕ್ಕಳು. ಎದ್ದಳು. ಒಂದು ಷರತ್ತು ಹಾಕಿದಳು: "ವಾಪಸ್ ಬರೋದು ಯಾವಾಗ ಅಂತ ನಾನು ಹೇಳ್ತೀನಿ."

ಆ ಷರತ್ತೇ ನನಗೆ ಚಾರಣ ಆರಿಸೋದನ್ನು ಕಲಿಸಿತು. ವಾಪಸ್ ಬರೋದನ್ನು ಬೇರೊಬ್ಬರು ಯಾವಾಗ ಬೇಕಾದರೂ ಹೇಳಬಹುದು ಅಂದಾಗ, ದಾರಿಯ ಯಾವ ತುಂಡಿನಲ್ಲಿ ನಿಂತರೂ 'ಬಂದದ್ದು ಸಾರ್ಥಕ' ಅನ್ನಿಸುವಂಥ ಜಾಗವನ್ನೇ ಹುಡುಕಬೇಕಾಗುತ್ತೆ. ತುದಿಯಲ್ಲಿ ಮಾತ್ರ ಸುಖ ಇಟ್ಟುಕೊಂಡ ಬೆಟ್ಟಗಳು ಇಂಥ ಪಟ್ಟಿಯಿಂದ ತಾವಾಗಿಯೇ ಬಿದ್ದುಹೋಗುತ್ತವೆ. ಎಂಗೋಂಗ್ ಆ ಪರೀಕ್ಷೆಯಲ್ಲಿ ಮೊದಲ ದರ್ಜೆಯಲ್ಲಿ ಪಾಸು. ಗಾಳಿಯಂತ್ರಗಳ ಹತ್ತಿರ ನಡಿಗೆ ಶುರುವಾದ ಕೂಡಲೇ ಎರಡೂ ಕಡೆ ತೆರೆದುಕೊಳ್ಳುತ್ತೆ. ಪೂರ್ವಕ್ಕೆ ನೈರೋಬಿ, ಪಶ್ಚಿಮಕ್ಕೆ ಮಹಾ ಬಿರುಕಿನ ಕಣಿವೆ. ಮೊದಲ ಗುಡ್ಡದಲ್ಲಿ ಕಂಡದ್ದೇ ಏಳನೆಯದರಲ್ಲೂ ಕಾಣೋದು, ಸ್ವಲ್ಪ ಬೇರೆ ಕೋನದಿಂದ. ಹಾಗಾಗಿ ಎಲ್ಲಿ ನಿಂತರೂ ನಷ್ಟವಿಲ್ಲ. ಈ ಸಾಲಿನ ಅತಿ ಎತ್ತರದ ಲಾಮ್ವಿಯಾ 2,460 ಮೀಟರ್. ಅಲ್ಲಿವರೆಗೆ ಹೋಗಲೇಬೇಕು ಅಂತೇನೂ ಇಲ್ಲ.

ಆದರೆ ಎಂಗೋಂಗಿಗೆ ಒಂದು ಕಟ್ಟಿದೆ. ಸಾಲನ್ನು ಪೂರ್ತಿ ನಡೆದರೆ ಇಳಿಯೋದು ಇನ್ನೊಂದು ತುದಿಯ ಕೋನಾ ಬರೀದಿಯಲ್ಲಿ, ಮಗಾಡಿ ರಸ್ತೆಗೆ. ಸ್ವಾಹಿಲಿಯಲ್ಲಿ 'ಚಳಿಯ ಮೂಲೆ' ಅಂತ ಅರ್ಥ. ಕಾರು ಇರೋದು ಈ ತುದಿಯಲ್ಲಿ. ಮೊದಲೇ ಅಲ್ಲೊಂದು ಗಾಡಿ ಇಡಬೇಕು, ಇಲ್ಲವೇ ಬಂದ ದಾರಿಯಲ್ಲೇ ತಿರುಗಬೇಕು. ಎಷ್ಟು ದೂರ ನಡೀತೀರಿ ಅನ್ನೋದಕ್ಕಿಂತ ಮುಗಿದ ಮೇಲೆ ಎಲ್ಲಿ ನಿಂತಿರ್ತೀರಿ ಅನ್ನೋದನ್ನು ಮೊದಲು ಕೇಳಿಕೊಳ್ಳಿ. ಹಾಗೆಯೇ ಅರಣ್ಯ ಇಲಾಖೆಯ ಗೇಟಿನಲ್ಲಿ ರೇಂಜರ್ ಜೊತೆಗೆ ಬರ್ತೀನಿ ಅಂದರೆ ಬೇಡ ಅನ್ನಬೇಡಿ. ಏಕಾಂತವಾದ ದಿಬ್ಬಗಳಲ್ಲಿ ಹಿಂದೆ ದರೋಡೆ ನಡೆದದ್ದುಂಟು.

ಮುಂದಿನ ತಿಂಗಳು ಲಾಂಗೊನೋಟ್. ಬಿರುಕಿನ ಕಣಿವೆಯ ತಳದಿಂದ ಎದ್ದ ಜ್ವಾಲಾಮುಖಿ, 2,776 ಮೀಟರ್. ಗೇಟಿನಿಂದ ಬಾಯಿಯ ಅಂಚಿಗೆ ಸುಮಾರು 3 ಕಿ.ಮೀ., ಆ ಅಂಚಿನ ಸುತ್ತು ಇನ್ನೂ 7 ಕಿ.ಮೀ. ಚಿಲ್ಲರೆ. ಇದೇ ಅದರ ಗುಣ: ಮೂರು ಕಿಲೋಮೀಟರಿಗೇ ಬಹುಮಾನ ಸಿಕ್ಕಿಬಿಡುತ್ತೆ. ಅಂಚಿಗೆ ಬಂದು ಕೆಳಗೆ ನೋಡಿದರೆ, ಬೆಂಕಿ ಉಗುಳಿದ ಬಾಯೊಳಗೆ ಈಗ ದಟ್ಟ ಕಾಡು. ಸುತ್ತು ಹಾಕೋದು ನಿಮ್ಮ ಇಷ್ಟ. ಅದರ ದೋಷ ನೆರಳಿಲ್ಲದಿರೋದು. ಬೂದಿಯಂಥ ಮಣ್ಣು, ತಲೆಯ ಮೇಲೆ ಸಮಭಾಜಕದ ಬಿಸಿಲು, ದಾರಿಯಲ್ಲಿ ನೀರಿಲ್ಲ. ತಲೆಗೆ ಮೂರು ಲೀಟರ್ ಹೊತ್ತುಕೊಂಡು ಹೋದೆವು, ಗೇಟಿಗೆ ಬರುವಾಗ ಒಂದು ತೊಟ್ಟೂ ಉಳಿದಿರಲಿಲ್ಲ. ಮಗಳು ಅಂಚಿನಲ್ಲಿ ಕೂತು ಚಿತ್ರಾನ್ನ ತಿಂದು, ಆ ಸುತ್ತನ್ನು ಒಮ್ಮೆ ನೋಡಿ, "ಇವತ್ತು ಬೇಡ" ಅಂದಳು. ನಾನು 'ಇನ್ನು ಸ್ವಲ್ಪ' ಅನ್ನಲಿಲ್ಲ. ನಾಲಿಗೆಯ ತುದಿಗೆ ಬಂದಿತ್ತು, ನುಂಗಿದೆ.

ಹೊತ್ತಿನ ವಿಷಯ ಒಂದು ಹೇಳಬೇಕು, ಯುರೋಪಿನಿಂದಲೋ ಅಮೆರಿಕದಿಂದಲೋ ಇಲ್ಲಿಗೆ ಬರುವವರಿಗೆ ಮುಖ್ಯವಾಗಿ. ಇಲ್ಲಿ ಬೇಸಿಗೆಯ ಉದ್ದ ಸಂಜೆ ಅನ್ನೋದಿಲ್ಲ. ವರ್ಷವಿಡೀ ಬೆಳಿಗ್ಗೆ ಆರೂವರೆಯ ಆಸುಪಾಸು ಸೂರ್ಯ ಹುಟ್ಟುತ್ತಾನೆ, ಸಂಜೆ ಆರೂವರೆಯ ಆಸುಪಾಸು ಮುಳುಗುತ್ತಾನೆ. ಮುಳುಗಿದ ಮೇಲೆ ಕತ್ತಲು ಕಾಯೋದಿಲ್ಲ. ಸ್ವಾಹಿಲಿಯವರು ಗಂಟೆ ಎಣಿಸೋದೇ ಬೆಳಗಿನಿಂದ: ನಮ್ಮ ಏಳು ಗಂಟೆ ಅವರಿಗೆ 'ಸಾ ಮೋಜಾ', ಅಂದರೆ ಗಂಟೆ ಒಂದು. ನಮ್ಮ ಮಧ್ಯಾಹ್ನ ಹನ್ನೆರಡು ಅವರಿಗೆ 'ಸಾ ಸಿತಾ', ಗಂಟೆ ಆರು. ಬೆಟ್ಟಕ್ಕೆ ಈ ಲೆಕ್ಕವೇ ಚೆನ್ನ. ಹನ್ನೆರಡು ಗಂಟೆಯ ಹಗಲಿನಲ್ಲಿ ಆರು ಖರ್ಚಾಯಿತು, ಆರು ಉಳಿಯಿತು ಅಂತ ಬೆರಳಲ್ಲೇ ಗೊತ್ತಾಗುತ್ತೆ. ಈಗ ನಮ್ಮ ಮನೆಯ ಕಾನೂನು: ಎಲ್ಲೇ ಇರಲಿ, ಸಾ ಸಬಾ ಆದರೆ, ಅಂದರೆ ನಮ್ಮ ಒಂದು ಗಂಟೆಗೆ, ಮುಖ ತಿರುಗಿಸೋದು.

ಹೀಗೆ ಒಂದೂವರೆ ವರ್ಷ ಕಳೆಯಿತು. ಈ ವರ್ಷ ಫೆಬ್ರವರಿಯಲ್ಲಿ ಮಗಳೇ ಕೇಳಿದಳು, "ಮೌಂಟ್ ಕೆನ್ಯಾದಲ್ಲಿ ಹಾಗೆ ಒಂದು ದಿನದ್ದು ಇಲ್ವಾ?"

ಇದೆ. ಎರಡು ದಾರಿ ನಮ್ಮ ಮುಂದಿತ್ತು. ಪಶ್ಚಿಮದ ನಾರೋ ಮೋರು ಗೇಟಿನಿಂದ ಮೆಟ್ ಸ್ಟೇಷನ್: ಸುಮಾರು 10 ಕಿ.ಮೀ., 2,400ರಿಂದ 3,050 ಮೀಟರಿಗೆ. ಉತ್ತರದ ಸಿರಿಮೋನ್ ಗೇಟಿನಿಂದ ಓಲ್ಡ್ ಮೋಸೆಸ್ ಶಿಬಿರ: ಸುಮಾರು 9 ಕಿ.ಮೀ., 2,650ರಿಂದ 3,300ಕ್ಕೆ. ಕಾಗದದ ಮೇಲೆ ಎರಡೂ ಅಣ್ಣತಮ್ಮಂದಿರು, ಏರು ಸರಿಯಾಗಿ 650 ಮೀಟರಿನಷ್ಟೇ. ಆದರೆ ನೆಲದ ಮೇಲೆ ಎರಡೂ ಬೇರೆ. ನಾರೋ ಮೋರು ಕಡೆ ಹೆಚ್ಚು ತೇವ; ಕಾಡು, ಬಿದಿರು, ಮಂಗಗಳು, ಹಕ್ಕಿಗಳು. ಚೆಂದವೇ, ಆದರೆ ಮೆಟ್ ಸ್ಟೇಷನ್ ಮುಟ್ಟಿದರೂ ಇನ್ನೂ ಮರಗಳೊಳಗೇ ಇರ್ತೀರಿ. ಸಿರಿಮೋನ್ ಕಡೆ ಬೆಟ್ಟದ ಮಳೆನೆರಳು, ನಮ್ಮ ಘಟ್ಟದ ಹಿಂದಿನ ಬಯಲುಸೀಮೆಯ ಹಾಗೆ. ಕಾಡು ಬೇಗ ತೆಳುವಾಗಿ, ಆಳೆತ್ತರದ ಪೊದೆ ಬಂದು, ಆಮೇಲೆ ಬೋಳು ಹುಲ್ಲು. ಬೆನ್ನ ಹಿಂದೆ ಲೈಕಿಪಿಯಾ ಬಯಲು ಉದ್ದಕ್ಕೂ ತೆರೆದುಕೊಳ್ಳುತ್ತಾ ಹೋಗುತ್ತೆ. ಪೂರ್ವದ ಚೊಗೋರಿಯಾ ಕಡೆಯೇ ಎಲ್ಲಕ್ಕಿಂತ ಸುಂದರ ಅನ್ನುವವರಿದ್ದಾರೆ. ಆದರೆ ಊರಿನಿಂದ ಆ ಗೇಟಿಗೇ ಸುಮಾರು 30 ಕಿ.ಮೀ. ಒರಟು ರಸ್ತೆ, ಅದು ಒಂದು ದಿನದ್ದಲ್ಲ. ಬಿದಿರಿನ ಕೆಸರು ನೆನಪಾಗಿ ಇಬ್ಬರೂ ಸಿರಿಮೋನ್ ಅಂದೆವು.

ಹಿಂದಿನ ರಾತ್ರಿ ನಾನ್ಯುಕಿಯಲ್ಲಿ ಉಳಿದೆವು. ನೈರೋಬಿಯಿಂದ ಸುಮಾರು 200 ಕಿ.ಮೀ.; ಬೆಳಿಗ್ಗೆ ಹೊರಟು ಅದೇ ದಿನ ಹತ್ತಿ ಇಳಿದು ವಾಪಸ್ ಬರ್ತೀನಿ ಅನ್ನೋದು ನನ್ನ ಹಳೆಯ ಹುಚ್ಚು. ರಾತ್ರಿ ಅವಳಿಗೆ ಬೆನುಝ್ಝಿಯ ಕಥೆ ಹೇಳಿದೆ. ಎರಡನೆಯ ಮಹಾಯುದ್ಧದ ಕಾಲ. ಫೆಲಿಚೆ ಬೆನುಝ್ಝಿ ಅನ್ನುವ ಇಟಲಿಯವನು ಇದೇ ನಾನ್ಯುಕಿಯ ಯುದ್ಧಕೈದಿಗಳ ಶಿಬಿರದಲ್ಲಿದ್ದ. ಮುಳ್ಳುತಂತಿಯಾಚೆ ದಿನಾ ಈ ಬೆಟ್ಟ. 1943ರಲ್ಲಿ ಇಬ್ಬರು ಗೆಳೆಯರ ಜೊತೆ ಶಿಬಿರದಿಂದ ತಪ್ಪಿಸಿಕೊಂಡ. ಮನೆಗೆ ಓಡೋಕಲ್ಲ, ಬೆಟ್ಟ ಹತ್ತೋಕೆ. ಕೈಯಲ್ಲೇ ಮಾಡಿಕೊಂಡ ಸಲಕರಣೆ, ನಕ್ಷೆಯ ಬದಲಿಗೆ ಡಬ್ಬಿ ಮಾಂಸದ ಲೇಬಲ್ ಮೇಲಿದ್ದ ಬೆಟ್ಟದ ಚಿತ್ರ. ಬಾಟಿಯನ್ ಹತ್ತೋಕೆ ನೋಡಿದರು, ಆಗಲಿಲ್ಲ, ತಿರುಗಿದರು. ಲೆನಾನಾದ ಮೇಲೆ ಇಟಲಿಯ ಬಾವುಟ ನೆಟ್ಟರು. ಆಮೇಲೆ ಇಳಿದು ಬಂದು ಮತ್ತೆ ಅದೇ ಶಿಬಿರಕ್ಕೆ ಒಪ್ಪಿಸಿಕೊಂಡರು.

"ವಾಪಸ್ ಜೈಲಿಗಾ?" ಅಂದಳು ಮಗಳು.

"ಹೂಂ. ಹೋಗಿ ಬಂದ್ರು."

ಬೆಳಿಗ್ಗೆ ಆರೂ ಮುಕ್ಕಾಲಿಗೆ ನಾನ್ಯುಕಿಯ ರಸ್ತೆಯಿಂದ ಇಡೀ ಬೆಟ್ಟ ಕಂಡಿತು, ಬಾಟಿಯನ್ ಮತ್ತು ನೆಲಿಯೋನ್ ಜೋಡಿ ಕೊಂಬಿನ ಹಾಗೆ. ಕಿಕುಯು ಜನ ಇದನ್ನು ಕಿರಿನ್ಯಾಗ ಅನ್ನುತ್ತಾರೆ, ದೇವರು ಎನ್ಗಾಯ್ ಇಳಿದು ಕೂರುವ ಜಾಗ ಅಂತ ಇದರ ಕಡೆ ಮುಖ ಮಾಡಿ ಬೇಡಿಕೊಳ್ಳುತ್ತಿದ್ದರು. ಕಾರು ನಿಲ್ಲಿಸಿ ಹತ್ತು ನಿಮಿಷ ನೋಡಿದೆವು. ಇದೂ ಕಲಿತದ್ದೇ: ಶಿಖರ ನೋಡೋದು ಬೆಳಿಗ್ಗೆ, ಕೆಳಗಿನಿಂದ. ಹೊತ್ತೇರಿದ ಹಾಗೆ ಮೋಡ ಮುಚ್ಚುತ್ತೆ. ಬೆಟ್ಟದ ಮೇಲೆ ಹೋದ ಮೇಲೆ ನೋಡ್ತೀನಿ ಅಂದವರಿಗೆ ಬೆಟ್ಟ ಕಾಣೋದು ಅದೃಷ್ಟ ಇದ್ದರೆ ಮಾತ್ರ.

ಗೈಡ್ ಒಬ್ಬರನ್ನು ಜೊತೆಗೆ ಕರೆದುಕೊಂಡೆವು. ಕಾಡಿನಲ್ಲಿ ಆನೆ, ಕಾಡೆಮ್ಮೆ ಇವೆ. ಮುಂದೆ ಗೈಡ್, ನಡುವೆ ಮಗಳು, ಹಿಂದೆ ನಾನು. ನಡೆಯೋ ವೇಗ ಅವಳದ್ದು. "ಪೋಲೆ ಪೋಲೆ" ಅನ್ನುತ್ತಿದ್ದರು ಗೈಡ್, ನಿಧಾನ ನಿಧಾನ. ಮಗಳು ಅದನ್ನು ಕನ್ನಡ ಮಾಡಿ "ಮೆಲ್ಲ ಮೆಲ್ಲ" ಅಂದಳು, ಅದು ಅಜ್ಜನ ಮಾತು. ದೇವದಾರಿನಂಥ ಮರಗಳು ಹಿಂದೆ ಸರಿದವು, ಪೊದೆ ಬಂತು, ಗಾಳಿ ತಣ್ಣಗಾಯಿತು. ದಾರಿಯುದ್ದಕ್ಕೂ ಅವಳು ಮಾತಾಡಿದಳು. ಶಾಲೆಯಲ್ಲಿ ಯಾರೋ ಅವಳನ್ನು 'ನೀನು ನಿಜವಾಗಿ ಎಲ್ಲಿಯವಳು' ಅಂತ ಕೇಳುತ್ತಲೇ ಇರುತ್ತಾರಂತೆ. ಇಂಡಿಯಾ ಅಂದರೆ ಊರಲ್ಲಿ ಅವಳನ್ನು ಆಫ್ರಿಕಾದವಳು ಅನ್ನುತ್ತಾರೆ, ಕೆನ್ಯಾ ಅಂದರೆ ಇಲ್ಲಿಯವರು ನಗುತ್ತಾರೆ. ಇದನ್ನು ಅವಳು ಮನೆಯಲ್ಲಿ ಯಾವತ್ತೂ ಹೇಳಿರಲಿಲ್ಲ. ನನ್ನ ಹತ್ತಿರ ಉತ್ತರವೂ ಇರಲಿಲ್ಲ. ಅವಳ ಬೆನ್ನು ನೋಡಿಕೊಂಡು ನಡೆಯುತ್ತಾ "ಹೂಂ" ಅಂದೆ. ಅವಳಿಗೂ ಅಷ್ಟೇ ಸಾಕಿತ್ತೇನೋ, ಮುಂದುವರಿಸಿದಳು. ಎಲಿಫೆಂಟ್ ಹಿಲ್ಲಿನ ದಿನ ಅವಳು ಏನೇನು ಹೇಳಬೇಕು ಅಂತ ಬಂದಿದ್ದಳೋ, ನಾನು ಐವತ್ತು ಹೆಜ್ಜೆ ಮುಂದಿದ್ದೆ.

ಓಲ್ಡ್ ಮೋಸೆಸ್ ಶಿಬಿರದ ಛಾವಣಿ ದೂರದಲ್ಲಿ ಕಂಡಾಗ ಹನ್ನೆರಡೂವರೆ. ಇನ್ನು ಒಂದು ಕಿಲೋಮೀಟರ್ ಇದ್ದಿರಬಹುದು. ಅವಳು ನಿಂತಳು. ಹಣೆ ಮುಟ್ಟಿಕೊಂಡಳು. "ಸ್ವಲ್ಪ ತಲೆನೋವು. ತುಂಬಾ ಅಲ್ಲ." ಆಮೇಲೆ ಆ ಛಾವಣಿಯ ಕಡೆ ನೋಡಿದಳು, ನನ್ನ ಕಡೆ ನೋಡಿದಳು. ನಾನು ಏನು ಹೇಳ್ತೀನಿ ಅಂತ ಕಾಯುತ್ತಿದ್ದಳು ಅಂತ ನನಗೆ ಗೊತ್ತಾಯಿತು.

"ಇಲ್ಲೇ ಊಟ ಮಾಡೋಣ್ವಾ?" ಅಂದೆ.

ಹುಲ್ಲಿನ ಮೇಲೆ ಕೂತು ಚಪಾತಿ, ಆಲೂಗಡ್ಡೆ ಪಲ್ಯ ತಿಂದೆವು. ಗೈಡಿಗೂ ಕೊಟ್ಟೆವು. ಶಿಖರ ಮೋಡದೊಳಗಿತ್ತು. ಕೆಳಗೆ ಬಯಲು ಮಂಜಿನವರೆಗೆ ಹರಡಿತ್ತು. ಒಂದು ಗಂಟೆಗೆ ಅವಳೇ ಎದ್ದು "ಸಾ ಸಬಾ" ಅಂದಳು. ಸಾವಿರದೈನೂರು ಅಡಿ ಇಳಿಯುವಷ್ಟರಲ್ಲಿ ತಲೆನೋವು ಹೋಗಿತ್ತು. ನಾಲ್ಕಕ್ಕೆ ಗೇಟು.

ಆ ಉದ್ದ ದಾರಿಯಲ್ಲಿ ನಮಗೆ ಸಿಕ್ಕಿದ್ದು ಮೊದಲ ದಿನದ ತುಂಡು, ಅದೂ ಪೂರ್ತಿ ಅಲ್ಲ. ಮುಂದಿನ ಸಲ ಆ ಛಾವಣಿಯವರೆಗೆ ಹೋಗ್ತೀವೋ, ಅಥವಾ ಇನ್ಯಾವುದೋ ಗೇಟಿನಿಂದ ಇನ್ನೊಂದು ತುಂಡು ನಡೀತೀವೋ ಅವಳು ಹೇಳಬೇಕು. ನಾವು ಕನ್ನಡದವರು ಮನೆ ಬಿಡುವಾಗ 'ಹೋಗ್ತೀನಿ' ಅನ್ನೋದಿಲ್ಲ, 'ಹೋಗಿ ಬರ್ತೀನಿ' ಅನ್ನುತ್ತೇವೆ. ಬರೋದನ್ನೂ ಸೇರಿಸಿಯೇ ಹೋಗೋದು. ಬೆಟ್ಟ ಆರಿಸುವಾಗ ಇದಕ್ಕಿಂತ ಒಳ್ಳೆಯ ಅಳತೆ ನನಗೆ ಸಿಕ್ಕಿಲ್ಲ.

ಭಾನುವಾರ ಸಂಜೆ ಊರಿಗೆ ಫೋನ್ ಹಚ್ಚಿದೆವು. ಮಗಳು ಪರದೆಗೆ ಮುಖ ಒಡ್ಡಿ, "ಅಜ್ಜಾ, ಮೌಂಟ್ ಕೆನ್ಯಾಗೆ ಹೋಗಿ ಬಂದ್ವಿ" ಅಂದಳು. ತುದಿ ಮುಟ್ಟಿದ್ರಾ ಅಂತ ಕೇಳಿಯಾರು ಅಂತ ನಾನು ಪಕ್ಕದಲ್ಲಿ ಕೂತು ಉತ್ತರ ಹೊಂದಿಸುತ್ತಿದ್ದೆ.

ಅಪ್ಪ ಕೇಳಿದ್ದು ಬೇರೆಯೇ. "ಹೌದಾ ಮಗಾ? ಊಟ ಎಲ್ಲಿ ಮಾಡಿದ್ರಿ?"